ಅಂಚೆಯಲ್ಲಿ ಹಾಕಿದ ಮತ

16 ಮೇ 2014, ಶುಕ್ರವಾರ. ಡೊಂಬಿವ್ಲಿ.

ರಜೆ ಮುಗಿಸಿ ಗಡಿಗೆ ಹೊರಡಲು ಇನ್ನು ಮೂರೇ ದಿನ. ಇವತ್ತು ಚುನಾವಣೆಯ ಫಲಿತಾಂಶ ಬಂತು. ನಾನು ಮತ ಹಾಕಿದವರೇ ಗೆದ್ದರು. ಆದರೂ ಸಂಜೆಯಿಂದ ಟಿವಿ ಹಾಕಿಲ್ಲ.

ಅಪ್ಪನ ಹೋಟೆಲಿನಲ್ಲಿ ಪೇಡೆ ಹಂಚಿದರು. ದಿನಾ ಚಹಾಕ್ಕೆ ಬರುವ ಗಿರಾಕಿಯೊಬ್ಬರು ನನ್ನ ಬೆನ್ನು ತಟ್ಟಿ, "ಇನ್ನು ನಿಮ್ಮ ಕೈ ಕಟ್ಟುವವರಿಲ್ಲ, ಫೌಜಿ," ಎಂದರು. ನಕ್ಕೆ.

ಆಮೇಲೆ ಗಡಿಯ ಪೋಸ್ಟಿನಿಂದ ನನ್ನ ಜೊತೆಗಾರ ಬಸಲಿಂಗ ಫೋನ್ ಮಾಡಿದ. "ಗೆದ್ವಿ ನೋಡಪಾ. ಇನ್ನ ಅವರ ಒಂದು ಗುಂಡಿಗೆ ನಮ್ಮವು ಹತ್ತು." ಅವನ ಹಿಂದೆ ನಮ್ಮ ಜವಾನರು ಜೈಕಾರ ಕೂಗುತ್ತಿದ್ದರು. ಅವನು ದನಿ ತಗ್ಗಿಸಿ, "ನಿನಗ ಅಂಜಿಕಿ ಆಗ್ಯದೇನು?" ಎಂದ.

"ಇಲ್ಲ," ಅಂದೆ.

"ನನಗೂ ಇಲ್ಲ," ಅಂದು ಇಟ್ಟುಬಿಟ್ಟ.

ಏಪ್ರಿಲ್‌ನಲ್ಲಿ ಬಂಕರಿನೊಳಗೆ ಕೂತು ಅಂಚೆ ಮತಪತ್ರ ತುಂಬುವಾಗ ದೆಹಲಿಯಲ್ಲಿ ನನಗೆ ಇಂಥ ಗಟ್ಟಿ ನಾಯಕನೇ ಬೇಕಿತ್ತು. ಆಗ ನನ್ನ ಹೆಂಡತಿ ನಿಶಾ ಬಸುರಿ ಎಂದು ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವಳು, "ನೀವು ಯಾರಿಗೆ ಹಾಕಿದ್ದು?" ಎಂದು ಕೇಳಿದಳು. ಹೇಳಿದೆ. ತಟ್ಟೆ ಪಕ್ಕಕ್ಕೆ ಸರಿಸಿ ನನ್ನತ್ತ ತಿರುಗಿದಳು.

"ಹಾಗಾದ್ರೆ ಯುದ್ಧ ಆಗ್ತದಾ?"

"ಆರ್ಡರ್ ಬಂದ್ರೆ ಹೋಗುವುದೇ," ಅಂದೆ.

ಒಳಗೆ ಅವಳಿನ್ನೂ ಮಲಗಿಲ್ಲ, ಬಳೆಯ ಸದ್ದು ಕೇಳುತ್ತಿದೆ. ಹೋದರೆ ಮತ್ತೆ ಅದನ್ನೇ ಕೇಳುತ್ತಾಳೆ. ನನಗೂ ಹೆದರಿಕೆ ಆಗ್ತದೆ ಎಂದು ಈ ಸಲ ಹೇಳಿಬಿಟ್ಟರೆ ಅವಳು ಇನ್ನೂ ಹೆದರುತ್ತಾಳೋ, ಇಬ್ಬರಿಗೂ ನಿದ್ದೆ ಬರುತ್ತದೋ, ಗೊತ್ತಿಲ್ಲ.