ಕಮಾನಿನ ಮೇಲಿನ ಹೆಸರು

ಅರಿಷಿನಹಾಳ
ಫೆಬ್ರುವರಿ ೩೦, ೨೧೪೮

ಪೂಜ್ಯ ಶಿವಗಂಗವ್ವ ಆಯಿಯವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗನನ್ನು ಮದುವೆಯಾಗಿ ಈ ಮನೆಗೆ ಬಂದ ಗುರುಸಿದ್ಧವ್ವ ದಿಡ್ಡಿಮನಿ ಮಾಡುವ ನಮಸ್ಕಾರ.

ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟುಮಾಡಿ ಹೊರದಿನ ಎನ್ನುತ್ತೇವೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಬರೆಯುವವರು ಹುಟ್ಟುವ ಮೊದಲೇ ಬಾಳಿದವರಿಗೆ ಕಾಗದ ಕಳಿಸುವ ಅಂಚೆ ಅದು. ಮುಟ್ಟುತ್ತದೆಯೆಂದು ಯಾರೂ ಖಾತ್ರಿ ಕೊಟ್ಟಿಲ್ಲ, ಆದರೂ ಕಚೇರಿಯ ಮುಂದಿನ ಸಾಲು ಕರಗುವುದೇ ಇಲ್ಲ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ವಿಷಯ ಮಾತ್ರ ನಿಮಗೆ ಗೊತ್ತಿರುವುದೇ: ನಿಮ್ಮ ಮನೆಯೆದುರಿನ ಸರಕಾರಿ ಹೈಸ್ಕೂಲು.

ಆ ಶಾಲೆ ಗುಡಿಯ ಪಡಸಾಲೆಯಲ್ಲಿ ಶುರುವಾಗಿ ಕಲ್ಲಿನ ಕಟ್ಟಡಕ್ಕೆ ಬಂದದ್ದು ನಿಮಗೇ ಗೊತ್ತು. ಈಗ ಅದರ ಗೋಡೆಗಳೊಳಗೆ ನೀರು ಹರಿಯುತ್ತದೆ. ತಂಪುಗೋಡೆ ಎನ್ನುತ್ತೇವೆ. ಅದಿಲ್ಲದೆ ನಮ್ಮ ಬೇಸಿಗೆಯಲ್ಲಿ ಮಕ್ಕಳು ಒಳಗೆ ಕೂರಲಾರರು. ಕೇಳಿದ್ದಕ್ಕೆ ಉತ್ತರ ಹೇಳುವ ಮಾತುಹಲಗೆ ಪ್ರತಿ ಕೋಣೆಯಲ್ಲಿದೆ. ಪ್ರಯೋಗಾಲಯವಿದೆ, ರಂಗಮಂದಿರವಿದೆ, ತಣ್ಣೀರಿನ ಕಟ್ಟೆಯಿದೆ. ನಮ್ಮ ಊರಲ್ಲಿ ಶಾಲೆಗೆ ದಾನ ಕೊಟ್ಟರು ಎಂದು ಹೇಳುವುದಿಲ್ಲ, ಹೆಸರು ಹಾಕಿಸಿದರು ಎನ್ನುತ್ತಾರೆ. ನಿಮ್ಮ ಕಾಲದಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ಹೆಸರಿತ್ತಂತೆ. ಈಗ ಮಾತುಹಲಗೆ ಪಾಠ ಹೇಳುವ ಮೊದಲು ದಾನಿಯ ಹೆಸರು ಹೇಳುತ್ತದೆ. ಅರ್ಧಕ್ಕರ್ಧ ದಿಡ್ಡಿಮನಿ ಎಂದೇ ಕೇಳಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಹೆಸರು, ನೀವು ಕಟ್ಟಿಸಿದ ಮಹಾದ್ವಾರದ ಕಮಾನಿನ ಮೇಲಿದೆ.

ಇಲ್ಲದ್ದು ಒಂದೇ, ಹೆಣ್ಣುಮಕ್ಕಳ ಪಾಯಖಾನೆ. ನಿಮ್ಮ ಕಾಲದಲ್ಲೇ ಸರಕಾರ ಒಮ್ಮೆ ಕಟ್ಟಿತ್ತಂತೆ. ನೀರಿಲ್ಲದೆ, ಬಾಗಿಲು ಮುರಿದು, ಕೊನೆಗೆ ಹಳೇ ಬೆಂಚು ತುಂಬುವ ಕೋಣೆಯಾಯಿತು. ಅದನ್ನು ಸರಿಪಡಿಸಿ ಹೆಸರು ಹಾಕಿಸಲು ಊರಿನ ಒಂದು ಮನೆತನವೂ ಮುಂದೆ ಬರಲಿಲ್ಲ. ಯಾರು ಬರುತ್ತಾರೆ?

ಶಾಲೆಗೆ ಬಂದ ಮೇಡಂಗಳನ್ನು ನಮ್ಮ ಮನೆಗೆ ಕರೆತರುವುದು ಹಿಂದಿನಿಂದ ಬಂದ ಪದ್ಧತಿ. ಹಿತ್ತಲಿನ ಪಾಯಖಾನೆಯ ಬಾಗಿಲು ತೆರೆದು, ಕೈಗೆ ಹೊಸ ಟವೆಲು ಕೊಟ್ಟು, ಚಹಾ ಕುಡಿಸಿ ಕಳಿಸುತ್ತೇವೆ. ಇದು ದಿಡ್ಡಿಮನಿಯವರ ದೊಡ್ಡಸ್ತಿಕೆ ಎಂದು ಬೀಗಿದ್ದೇವೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಬಂದ ಅಧಿಕಾರಿಣಿಯೂ ಹಾಗೇ ಬಂದು ಹೋದರು. ಅವರನ್ನು ಕರೆತಂದವಳು ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ನೇಸರಿ. ಬಾಗಿಲಲ್ಲೇ ನಿಂತು ಕೇಳಿದಳು: "ಆಯೀ, ಮೇಡಮ್ಮಾರಿಗೆ ನಮ್ಮ ಮನೀ. ನನ್ನ ಗೆಳತ್ಯಾರಿಗೆ ಎಲ್ಲೆ?"

ಬಿಸಿಲುಕಟ್ಟು ಎಂದು ನಮ್ಮಲ್ಲೊಂದು ಕಾನೂನಿದೆ. ಹೊತ್ತೇರಿದ ಮೇಲೆ ಬಿಸಿಲಿಳಿಯುವವರೆಗೆ ಮಕ್ಕಳು ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ನಮ್ಮ ಹೆಸರಿನ ತಣ್ಣೀರಿನ ಕಟ್ಟೆಯ ಮುಂದೆ ತುಟಿ ಒಣಗಿಸಿಕೊಂಡು ಕೂರುತ್ತಾರೆ. ನೇಸರಿ ಹೇಳಿ ಕೇಳಿ ನಮ್ಮ ಮನೆಯವಳು. ಅನುಮತಿ ಬೇಡಿ ರಸ್ತೆ ದಾಟಬಹುದಿತ್ತು. ಗೆಳತಿಯರನ್ನು ಬಿಟ್ಟು ಬರಲು ನಾಚಿಕೆಪಟ್ಟು ಅವಳೂ ಕುಡಿಯಲಿಲ್ಲ. ಉತ್ಸವ ಮುಗಿದ ವಾರದಲ್ಲೇ ತರಗತಿಯಲ್ಲಿ ಬಿದ್ದಳು. ಮೂತ್ರಪಿಂಡಕ್ಕೆ ಪೆಟ್ಟಾಗಿದೆ. ಇನ್ನು ಶಾಲೆ ಬೇಡವೆನ್ನುತ್ತಾಳೆ. ಕಮಾನಿನ ಕೆಳಗೆ ಹಾಯುವಾಗ ನಾನು ತಲೆ ಎತ್ತುವುದನ್ನು ಬಿಟ್ಟಿದ್ದೇನೆ.

ಪಾಯಖಾನೆ ಕಟ್ಟಿಸುತ್ತೇನೆ, ನಮ್ಮ ಹೆಸರೇ ಹಾಕಿಸುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಮಗ ಸಂಗನಬಸು ಹಣೆ ಚಚ್ಚಿಕೊಂಡ: "ಯವ್ವಾ, ನಾಳೆಯಿಂದ ಹುಡುಗ್ಯಾರು 'ದಿಡ್ಡಿಮನಿಗೆ ಹೋಗಿ ಬರ್ತೀನ್ರಿ ಸರ್' ಅಂತಾರ! ನಾ ಊರಾಗ ಹ್ಯಾಂಗ ತಿರಗಾಡ್ಲಿ?"

"ಹೋಗಿ ಬರ್ಲಿ. ಅದಕ್ಕಽ ಕಟ್ಟಿಸೋದು" ಎಂದೆ.

ಗೋಡೆ ಏಳುತ್ತಿದೆ. ಆದರೆ ಕೆಟ್ಟದ್ದು ಕೆಟ್ಟಾಯಿತು. ಆದ್ದರಿಂದಲೇ ನಿಮಗೆ ಬರೆಯುತ್ತಿದ್ದೇನೆ. ಈ ಕಾಗದ ಮುಟ್ಟುವ ಹೊತ್ತಿಗೆ ಕಮಾನಿಗೆ ನೀವು ಇನ್ನೂ ಕಲ್ಲು ಇಳಿಸಿರುವುದಿಲ್ಲ ಎಂದು ನನ್ನ ಲೆಕ್ಕ. ಇಳಿಸಬೇಡಿ. ಹಿರಿಯರಿಗೆ ಹೀಗೆ ಹೇಳುವುದು ಸೊಸೆಗೆ ಒಪ್ಪುವುದಿಲ್ಲ, ಆದರೂ ಹೇಳುತ್ತೇನೆ. ಆ ಬೆಂಚಿನ ಕೋಣೆಯನ್ನು ತೆರವು ಮಾಡಿಸಿ, ಬಾಗಿಲು ಹಚ್ಚಿಸಿ, ಒಳಗಿನಿಂದ ಚಿಲಕ ಹಾಕಿಸಿ, ನೀರು ಬರುವಂತೆ ಮಾಡಿ. ದಿನಾ ತೊಳೆಯಲು ಆಳಿಟ್ಟು ಕೂಲಿ ಕೊಡಿ.

ಅದರ ಮೇಲೆ ದಿಡ್ಡಿಮನಿ ಎಂದು ಬರೆಸಲು ನಿಮಗೂ ನಾಚಿಕೆಯಾದರೆ ಬರೇ ಗುರುಸಿದ್ಧವ್ವ ಎಂದು ಬರೆಸಿ. ಯಾರಾಕೆ ಎಂದು ಜನ ಕೇಳಿದರೆ, ಇನ್ನೂ ಹುಟ್ಟಿಲ್ಲ ಎನ್ನಿ. ಹುಡುಗಿಯರು ದಿನವೂ ನನ್ನ ಹೆಸರು ಹೇಳಿ ಹೋಗಿ ಬರಲಿ.