ಗೋಡೆಯಿಂದ ಇಳಿದ ಗುರು

1994, ಅಕ್ಟೋಬರ್ 4, ಮಂಗಳವಾರ

ನಿನ್ನೆ, ಅಕ್ಟೋಬರ್ ಮೂರರಂದು, ಕೊರಿಯಾ ನಾಡು ಹುಟ್ಟಿದ ದಿನದ ರಜೆ ನೋಡಿಕೊಂಡು, ದೇಗುವಿನ ನಮ್ಮ ಹಾಪ್ಕಿಡೊ ಗರಡಿಯ ಗೋಡೆಯಿಂದ ಗುರು ತಾಕ್ ಅವರ ಫೋಟೊ ಇಳಿಸಿದ್ದಾರೆ. ಬರೆದಿಟ್ಟಿರುತ್ತೇನೆ. ಈ ಊರಲ್ಲಿ ಮರೆಯುವವರು ಜಾಸ್ತಿ.

ಎಂದಿನಂತೆ ಹೋದೆ. ಬೂಟು ಬಿಚ್ಚಿದೆ. ಗೋಡೆಗೆ ನಮಸ್ಕಾರ — ಎಡ ಮಂಡಿ, ಎಡಗೈ, ಆಮೇಲೆ ಬಲಗೈ. ತಲೆ ಎತ್ತಿದರೆ ಯಾರೋ ಬಿಳಿ ಗಡ್ಡದ ಸನ್ಯಾಸಿಯ ಚಿತ್ರ! ನಮ್ಮ ಮಠಗಳವರು ತಲೆ ಗಡ್ಡ ಎರಡೂ ಬೋಳಿಸುತ್ತಾರೆ. ಇವನಿಗೆ ಮಾತ್ರ ಸಿನಿಮಾ ಗಡ್ಡ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಮೊಳೆ ಮಾತ್ರ ಹಳೆಯದೇ.

ಪರಿಚಯವಿಲ್ಲದವನ ಕಾಲಿಗೆ ಬಿದ್ದು ಬಂದೆನಲ್ಲ... ಮೈಯೆಲ್ಲ ಉರಿ.

ಅಕ್ಟೋಬರ್ 5

ಸಂಘದ ಅಧ್ಯಕ್ಷ ಬ್ಯೋನ್ ಸೊಕ್‌ಗ್ಯುವನ್ನು ಕಂಡೆ. ಅವನಿಗೆ ಪೆಟ್ಟಾಗದ ಹಾಗೆ ಬೀಳುವುದನ್ನು ಕಲಿಸಿದವನೇ ನಾನು. ತಾನೇ ಕಾಫಿ ಬೆರೆಸಿ ಕೊಟ್ಟ. ಅಲ್ಲೇ ಅನುಮಾನ ಬಂತು.

“ಈ ಗಡ್ಡದಪ್ಪ ಯಾರಯ್ಯ?”

“ಪಾಲ್ಗೊಂಗ್ ಬೆಟ್ಟದ ಸನ್ಯಾಸಿಗಳು, ಅಣ್ಣಾವ್ರೇ. ನಮ್ಮ ವಿದ್ಯೆ ಅವರಿಂದ ಬಂದದ್ದು.”

“ಹೆಸರು?”

“ಹೆಸರು ಬಿಟ್ಟವರಲ್ವಾ ಸನ್ಯಾಸಿಗಳು.”

“ಹೆಸರು ಬಿಟ್ಟ, ಸರಿ. ಗಡ್ಡ ಯಾಕೆ ಬಿಟ್ಟ?”

“ನೀವು ಮೇಷ್ಟ್ರು, ನಿಮಗೆ ಎಲ್ಲಾ ತಮಾಷೆ. ಜಪಾನಿನಿಂದ ಬಂದ ವಿದ್ಯೆ ಅಂದ್ರೆ ಯಾವ ತಾಯಿ ಮಕ್ಕಳನ್ನ ಕಳಿಸ್ತಾಳೆ ಹೇಳಿ?”

“ಜಪಾನಿನವರು ನಮ್ಮನ್ನ ಆಳ್ತಿದ್ದಾಗ ಗುರುಗಳನ್ನ ಹುಡುಗರಾಗಿದ್ದಾಗಲೇ ಅಲ್ಲಿಗೆ ಹೊತ್ಕೊಂಡು ಹೋದ್ರು. ಜುಜುತ್ಸು ಕಲಿಸೋ ಮನೇಲಿ ಕಸ ಗುಡಿಸ್ತಾ ಕಲಿತ್ರು. ಅದರಲ್ಲಿ ನಾಚಿಕೆ ಯಾರಿಗಯ್ಯ?”

“ಅವರ ಕಷ್ಟ ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಕಲ್ಲಲ್ಲಿ ಕೆತ್ತೋಕಾಗುತ್ತಾ?”

ಕಲ್ಲು! ಬಾಯಿ ತಪ್ಪಿ ಬಂತು. ನವೆಂಬರ್ ಆರಕ್ಕೆ ಗರಡಿಯ ಅಂಗಳದಲ್ಲಿ ಸ್ಮಾರಕ ನಿಲ್ಲಿಸುತ್ತಾರಂತೆ. ಟೀವಿಯವರೂ ಬರುತ್ತಾರಂತೆ.

“ಗುರುಗಳ ಹೆಸರು ಇರುತ್ತೆ ತಾನೇ?”

“ಇನ್ನೊಂದು ಲೋಟ ಕಾಫಿ?” ಅಂದ.

ಅಕ್ಟೋಬರ್ 9, ಭಾನುವಾರ

ಕೋಪದಲ್ಲಿ ಯೋಚಿಸಬಾರದು. ತಣ್ಣಗೆ ಕೂತು ತೂಗಿ ನೋಡಿದೆ.

ಜೂಡೊದವನು ಅಂಗಿ ಹಿಡಿಯುತ್ತಾನೆ, ಸೊಂಟದ ಮೇಲೆ ಎತ್ತಿ ಹಾಕುತ್ತಾನೆ. ನಮ್ಮ ಕಣ್ಣೆಲ್ಲ ಮಣಿಕಟ್ಟಿನ ಮೇಲೆ. ಐಕಿಡೊದವರೂ ಮಣಿಕಟ್ಟೇ ಹಿಡಿಯುತ್ತಾರೆ, ಆದರೆ ಬಂದವನ ವೇಗವನ್ನು ದೊಡ್ಡ ಸುತ್ತಿನಲ್ಲಿ ತಿರುಗಿಸಿ ಸಾಗಹಾಕುತ್ತಾರೆ. ಒಸಾಕಾಗೆ ಹೋದಾಗ ನೋಡಿದ್ದೆ — ನೀರು ಹರಿದ ಹಾಗೆ, ಚೆಂದ. ಗುರುಗಳದು ಅಷ್ಟು ಚೆಂದವಲ್ಲ. ಸುತ್ತು ಚಿಕ್ಕದು, ಕೀಲು ಕಿರ್ ಅನ್ನಬೇಕು. ಅದು ಐಕಿಡೊಗೂ ತಾಯಿಯಾದ ಹಳೇ ಜುಜುತ್ಸುವಿನ ಗುಣ. ಅಂದರೆ ನಾವೂ ಅವರೂ ಒಂದೇ ಹಿತ್ತಲಿನವರು. ಒದೆತ? ಅದು ಅಲ್ಲಿಯದಲ್ಲ. ಇಲ್ಲಿ ಸೇರಿದ್ದು, ನಮ್ಮ ಕಾಲಿನದು.

ಗುರುಗಳು ಹೇಳುತ್ತಿದ್ದರು: “ಚೊಂಗ್ದೊ ಕಡೆ ಹಣ್ಣಿನ ಕೊಂಬೆಯನ್ನ ಕಾಡು ಬೇರಿಗೆ ಕಸಿ ಕಟ್ತಾರೆ. ಹಣ್ಣು ತಿನ್ನೋವಾಗ ಯಾವನಾದ್ರೂ ಬೇರು ಬೈತಾನೇನ್ರೋ?”

ನಮಸ್ಕಾರಕ್ಕೆ ಕೂರುವ ರೀತಿಯನ್ನೂ ಅವರೇ ಕಲಿಸಿದ್ದು. ಮನೆಯಲ್ಲಿ ಹಿರಿಯರ ಕಾಲಿಗೆ ಬೀಳುವಾಗ ನಮ್ಮ ಗಂಡಸರು ಎಡಗೈಯನ್ನು ಬಲಗೈ ಮೇಲಿಟ್ಟು ಎರಡನ್ನೂ ಒಟ್ಟಿಗೆ ನೆಲಕ್ಕೆ ಊರುತ್ತಾರೆ. ಗರಡಿಯಲ್ಲಿ ಮಾತ್ರ ಎಡಗೈ ಮೊದಲು, ಬಲಗೈ ಕೊನೆಗೆ. ಯಾಕೆಂದು ಕೇಳಿದ್ದೆ. “ಅಲ್ಲಿಯವರ ಸೊಂಟದಲ್ಲಿ ಕತ್ತಿ ಇರ್ತಿತ್ತು. ಕೊನೆ ಗಳಿಗೆವರೆಗೂ ಬಲಗೈ ಖಾಲಿ ಇರ್ಬೇಕು. ನಂಗೆ ಆ ರೂಢಿ ಬಿಡೋಕಾಗ್ಲಿಲ್ಲ” ಅಂದರು. ನಮಗೂ ಹತ್ತಿತು. ಯಾವ ಪುಸ್ತಕದಲ್ಲೂ ಇಲ್ಲ, ಮೈಯಲ್ಲಿದೆ.

ಒಂದು ಪ್ರಶ್ನೆ ಬಿಡುತ್ತಿಲ್ಲ. ಆ ಫೋಟೊ ಗುರುಗಳು ತೀರಿಕೊಂಡ ಮೇಲೆ ಅವರ ಮನೆಯವರು ಕೊಟ್ಟದ್ದು. ಅವರನ್ನು ಕೇಳದೆ ಮುಟ್ಟುವ ಧೈರ್ಯ ಬ್ಯೋನ್‌ಗೆ ಇಲ್ಲ. ಹಾಗಾದರೆ ಒಪ್ಪಿದ್ದು...? ಅವರ ಮಗಳು? ಅವಳಾಗಿರಲಾರಳು.

ಅಕ್ಟೋಬರ್ 21

ಅವಳೇ.

ಗುರುಗಳ ಮಗಳು ಮಾಲ್ಸುನ್. ಸೊಮುನ್ ಮಾರುಕಟ್ಟೆಯಲ್ಲಿ ಅವಳ ನೂಡಲ್ಸ್ ಅಂಗಡಿ. ಹೋಗಿ ಕೂತೆ. ಮುಖ ನೋಡದೆ ಲಟ್ಟಿಸಿದ ಹಿಟ್ಟನ್ನು ಎಳೆಯಾಗಿ ಕೊಯ್ಯುತ್ತಿದ್ದಳು.

“ಕೇಳೋದಾದ್ರೆ ಊಟ ಆದ್ಮೇಲೆ ಕೇಳಣ್ಣ. ಹಸಿದ ಮೇಷ್ಟ್ರ ಬೈಗುಳ ನಂಗೆ ಬೇಡ.”

“ಫೋಟೊ ಯಾರು ಇಳಿಸಿದ್ದು?”

“ನಾನೇ. ಸ್ಟೂಲ್ ಹಾಕ್ಕೊಂಡು. ಬೇರೆಯವರ ಕೈ ಮುಟ್ಟಬಾರದು ಅಂತ.”

ಚಾಕು ನಿಲ್ಲಲಿಲ್ಲ.

“‘ಜಪಾನಿನವನ ಮಗಳು’ ಅಂತ ಶಾಲೇಲಿ ಕಲ್ಲು ಹೊಡೆದ್ರಲ್ಲ, ಆಗ ನಿನ್ನ ಈ ನ್ಯಾಯ ಎಲ್ಲಿತ್ತಣ್ಣ? ಬ್ಯೋನ್ ಬಂದು ಹೇಳಿದ: ಅಪ್ಪ ಆ ಸನ್ಯಾಸಿಯ ಶಿಷ್ಯ ಅಂತ ಒಪ್ಕೊಂಡ್ರೆ ಕಲ್ಲಲ್ಲಿ ಅಪ್ಪನ ಹೆಸರು, ಇಲ್ಲಾಂದ್ರೆ ಇಲ್ಲ. ಸುಳ್ಳಿನ ಪಕ್ಕದಲ್ಲಾದ್ರೂ ಹೆಸರು ಇರಲಿ ಅಂದ್ಕೊಂಡೆ.”

“ಕೆತ್ತಿದ್ದನ್ನ ತೋರಿಸಿದ್ನಾ?”

“ಬಟ್ಟೆ ಮುಚ್ಚಿದೆ. ಅವತ್ತೇ ತೆಗೆಯೋದಂತೆ.”

“ಮಾಲ್ಸುನ್...”

“ತಿನ್ನಣ್ಣ. ತಣ್ಣಗಾಗುತ್ತೆ.”

ಬೈಯಲು ಹೋದವನು ಬಟ್ಟಲು ಖಾಲಿ ಮಾಡಿ ಬಂದೆ.

ನವೆಂಬರ್ 6, ಭಾನುವಾರ

ಬಟ್ಟೆ ಎಳೆದರು. ಮೇಲೆ ಪಾಲ್ಗೊಂಗ್ ಬೆಟ್ಟದ ಸನ್ಯಾಸಿ. ಕೆಳಗೆ ನೇರ — ಬ್ಯೋನ್ ಸೊಕ್‌ಗ್ಯು. ನಡುವೆ ಖಾಲಿ ಕಲ್ಲು, ನುಣ್ಣಗೆ.

ಮಾಲ್ಸುನ್ ಹಬ್ಬದ ಹನ್‌ಬೊಕ್ ಉಟ್ಟು ಬಂದಿದ್ದಳು. ಮೇಲಿಂದ ಕೆಳಗೆ ಓದಿದಳು. ಮತ್ತೆ ಕೆಳಗಿನಿಂದ ಮೇಲಕ್ಕೆ.

ಕ್ಯಾಮೆರಾ ಮುಂದೆ ಬ್ಯೋನ್ ಕಲ್ಲಿಗೆ ನಮಸ್ಕಾರಕ್ಕೆ ಕೂತ. ಎಡ ಮಂಡಿ. ಎಡಗೈ. ಆಮೇಲೆ, ಕೊನೆಗೆ, ಬಲಗೈ.

ಯಾರಿಗೂ ಕಾಣಲಿಲ್ಲ. ನನಗೆ ಕಂಡಿತು. ಅವಳಿಗೂ.

“ನೋಡಣ್ಣ,” ಅಂದಳು, ಪಿಸುಮಾತಲ್ಲ, ಟೀವಿಯ ಹುಡುಗಿ ತಿರುಗಿ ನೋಡುವಷ್ಟು ಗಟ್ಟಿಯಾಗಿ, “ನಮ್ಮಪ್ಪನ ಹೆಸರು ಅಳಿಸಿ, ನಮ್ಮಪ್ಪನ ಹಾಗೇ ಕೂತಿದ್ದಾನೆ!”

ಬ್ಯೋನ್ ಅರ್ಧ ಬಗ್ಗಿದವನು ತಡೆದ. ಬಲಗೈಯನ್ನು ಎಡಗೈ ಕೆಳಗೆ ಸರಿಸಲು ನೋಡಿದ. ಬಾಗಿದ ಭಾರವೆಲ್ಲ ಎಡಗೈ ಮೇಲಿತ್ತು, ಕೈ ಮೇಲೇಳಲಿಲ್ಲ. ಕಿವಿ ಕೆಂಪು. ಎದ್ದವನು ನಮ್ಮ ಕಡೆ ನೋಡದೆ ಒಳಗೆ ಹೋದ.

ನವೆಂಬರ್ 7

ಪತ್ರಿಕೆಗಳಿಗೆ ಫೋನ್ ಮಾಡಿದೆ. ಒಬ್ಬರು, “ಹಳೇ ಜಗಳ ಬಿಡಿ ಮೇಷ್ಟ್ರೇ” ಅಂದರು. ಇನ್ನೊಬ್ಬರು ಬರೆದು ಕೊಡಿ ಅಂದರು. ಯಾರು ಯಾರ ಕಡೆಯೋ. ಎರಡು ಪ್ರತಿ ಮಾಡಿ ಒಂದನ್ನು ನಾನೇ ಗರಡಿಯ ಬಾಗಿಲಿಗೆ ಅಂಟಿಸುತ್ತೇನೆ.

ಮಾಲ್ಸುನ್ ಆಗಲೇ ಬಂದಿದ್ದಾಳೆ. ಬಟ್ಟೆಯಲ್ಲಿ ಸುತ್ತಿದ ಫೋಟೊ ತೊಡೆಯ ಮೇಲೆ. ಅಂಗಡಿ ಮುಚ್ಚಿ ಬಂದಳಂತೆ. “ಬೇಗ ಬರಿಯಣ್ಣ, ಸ್ಟೂಲೂ ತಂದಿದ್ದೀನಿ” ಅನ್ನುತ್ತಿದ್ದಾಳೆ.

ಇಷ್ಟು ಸಾಕು:

ಅಧ್ಯಕ್ಷರೇ, ನಮ್ಮ ಸನ್ಯಾಸಿಗಳೂ ಒಂದು ಕಾಲದಲ್ಲಿ ಕತ್ತಿ ಹಿಡಿದರು, ಬಲ್ಲೆ. ಜಪಾನಿನವರ ವಿರುದ್ಧ ಹಿಡಿದರು. ಅವರ ಮನೆಯಲ್ಲಿ ಕೂರುವ ರೀತಿ ಕಲಿಯಲಿಲ್ಲ. ನೀವು ನಿನ್ನೆ ಊರೆಲ್ಲ ನೋಡುವಂತೆ, ಬಲಗೈ ಕೊನೆಗೆ ಊರಿ, ಹಾಗೇ ಕೂತಿರಿ. ಅದನ್ನು ನಿಮಗೆ ಕಲಿಸಿದ್ದು ಯಾರು? ಅಂಗಳಕ್ಕೆ ಬನ್ನಿ, ಅದೇ ಕಲ್ಲಿನ ಮುಂದೆ, ಅದೇ ಜನರ ಮುಂದೆ, ಅವರ ಮಗಳ ಮುಂದೆ, ಆ ಖಾಲಿ ಜಾಗದ ಮೇಲೆ ಕೈಯಿಟ್ಟು ಹೆಸರು ಹೇಳಿ —