ಎದುರಿಗೇ ನುಂಗಿಸಿದ ಮಾತ್ರೆ

ಹಳ್ಳಿಮೈಸೂರು,
೧೪ ಜುಲೈ ೨೦೨೫, ಸೋಮವಾರ

ಚಿ. ಶೋಭಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಚಿಕ್ಕಯ್ಯನವರ ಮಗಳು ಮಲ್ಲಿಗಮ್ಮನಾದ ನಾನು, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಾರು ವರ್ಷ ಎರಡು ತಿಂಗಳು ಸೇವೆ ಸಲ್ಲಿಸಿ ನಿವೃತ್ತಳಾದವಳು, ಇದನ್ನು ಸ್ವಹಸ್ತದಿಂದ ಬರೆದಿದ್ದೇನೆ. ತಂಗಿಯ ಮಗಳಿಗೆ ಬರೆಯುವ ಕಾಗದದಲ್ಲಿ ಸೇವಾವಧಿ ಏಕೆಂದು ನಗಬೇಡ. ಇದನ್ನು ನೀನು ಡಾಕ್ಟರಿಗೂ ಓದಿಸಬೇಕಾಗಿದೆ. ಎರಡು ದಿನ ತಡಮಾಡಿದ್ದಕ್ಕೆ ಕ್ಷಮಿಸು. ಮೂರು ಸಲ ಫೋನು ಮಾಡಿದೆ. ನಿನ್ನ ದನಿ ಕೇಳಿದೊಡನೆ ಊಟವಾಯಿತೇ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಅಮ್ಮನ ಎದೆಯ ಬಿಗಿತ ಇಳಿದಿದೆಯೆಂದು ನಿನ್ನೆ ನೀನೇ ಹೇಳಿದೆ. ಕಾರಣ ತಿಳಿಯದೆ ಡಾಕ್ಟರು ಮಂಗಳವಾರ ಇನ್ನಷ್ಟು ಪರೀಕ್ಷೆ ಮಾಡುವರೆಂದೂ ಹೇಳಿದೆ. ಕಾರಣ ನನಗೆ ಗೊತ್ತಿದೆ, ಮಗಳೇ.

ನನ್ನ ಅರೆತಲೆನೋವಿಗೆ ಹೊಳೆನರಸೀಪುರದ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟಾಗಲೇ ಬೆರಳೆತ್ತಿ ಎಚ್ಚರಿಸಿದ್ದರು: “ಇದು ನಿಮ್ಮೊಬ್ರಿಗೇ, ಮೇಡಂ. ಬಿ.ಪಿ. ಹತೋಟೀಲಿ ಇಲ್ದೋರು, ಹಾರ್ಟ್ ತೊಂದ್ರೆ ಇರೋರು ಮುಟ್ಟಂಗಿಲ್ಲ. ನೀವೂ ದಿನಾ ನುಂಗಂಗಿಲ್ಲ. ಅತಿಯಾದ್ರೆ ಮಾತ್ರೆಯಿಂದ್ಲೇ ತಲೆನೋವು ಬರುತ್ತೆ.” ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಾತ್ರೆ ನುಂಗಿದ ದಿನ, ಗಂಟೆ ಎಲ್ಲವನ್ನೂ ಹಾಜರಿ ಪುಸ್ತಕದಂತೆ ದಾಖಲಿಸುತ್ತ ಬಂದೆ.

ಶನಿವಾರ ನಿನ್ನಮ್ಮ ಹಲಸಿನ ಹಣ್ಣು ಹೊತ್ತು ಬಂದಳು. ಜಗುಲಿಯ ಮೇಲೆ ಕುಸಿದು, “ತಲೆ ಸಿಡೀತದೆ ಕಣಕ್ಕಾ, ನಿನ್ ಮಾತ್ರೆ ಒಂದ್ ಕೊಡು” ಎಂದಳು.

“ಬಿ.ಪಿ. ಮಾತ್ರೆ ನುಂಗಿದ್ಯೇನೆ ಕೆಂಚಿ?”

“ಅದು ಮುಗ್ದು ವಾರಾಯ್ತು, ಬುಡು. ಡಾಕ್ಟ್ರಿಗಿಂತ ಎಚ್ಚು ತಿಳ್ಕಂಡಿರೋ ಮೇಷ್ಟ್ರಮ್ಮ ಮನೇಲೇ ಇರುವಾಗ ನಂಗೇನು?”

ಆ ಮಾತಿಗೆ ಉಬ್ಬಿದೆ. ಶಾಲೆಯಲ್ಲಿ ವರ್ಷವರ್ಷವೂ ಮಕ್ಕಳಿಗೆ ಜಂತುಹುಳುವಿನ ಮಾತ್ರೆಯನ್ನು ಎದುರಿಗೇ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿ ಕಳಿಸಿದ ಕೈ ಇದು. ನಿನ್ನಮ್ಮನಿಗೂ ಹಾಗೆಯೇ ಮಾಡಿದೆ.

“ನಾನೇನ್ ನಿನ್ ಎರಡ್ನೇ ಕ್ಲಾಸಿನ ಐಕ್ಳಾ?” ಎಂದು ನಗುತ್ತಲೇ ನಾಲಿಗೆ ಎತ್ತಿ ತೋರಿಸಿದಳು.

ನೋವು ನಿಲ್ಲಲಿಲ್ಲ. ಗಂಟೆಯೊಳಗೆ ಇನ್ನೊಂದನ್ನೂ ನುಂಗಿಸಿದೆ. ಆಮೇಲೆ ಅವಳು ಎದೆ ಹಿಡಿದುಕೊಂಡಳು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ದೇವರಾಜ್, “ಏನಾದ್ರೂ ಮಾತ್ರೆ ತಗಂಡಿದ್ರಾ ಅಮ್ಮಾ?” ಎಂದು ಕೇಳಿದರು. ನಿನ್ನಮ್ಮ ಒಂದು ಸಲ ನನ್ನ ಮುಖ ನೋಡಿದಳು. “ಇಲ್ಲ ಸಾ, ಏನೂ ಇಲ್ಲ” ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಇದನ್ನು ತರುತ್ತಿರುವ ಪಕ್ಕದ ಮನೆಯ ಶಶಿಕುಮಾರನ ಕೈಯಿಂದ ಈಸಿಕೊಂಡ ಕೂಡಲೇ ಡಾಕ್ಟರಲ್ಲಿಗೆ ಹೋಗು. ನಾಳೆಯ ಪರೀಕ್ಷೆಗೆ ಮುಂಚೆ, ಅವಳಿಗೆ ಮತ್ತೊಂದು ಔಷಧ ಕೊಡುವುದಕ್ಕೆ ಮುಂಚೆ ಅವರು ಇದನ್ನು ಓದಲಿ. ಅಮ್ಮನನ್ನು ಬೈಯಬೇಡ, ಅವಳು ಸುಳ್ಳು ಹೇಳಿದ್ದು ನನಗಾಗಿ.

ನಿನಗೂ ನಿನ್ನಮ್ಮನಿಗೂ ಆಯುಸ್ಸು, ಆರೋಗ್ಯ ತುಂಬಿರಲಿ.

ನಿನ್ನ ದೊಡ್ಡಮ್ಮ,
ಚಿ. ಮಲ್ಲಿಗಮ್ಮ

ತಾ.ಕ.: ಏಕೆ ಸುಮ್ಮನಿದ್ದೆ ಎಂದು ನೀನು ಕೇಳಿಯೇ ಕೇಳುವೆ. ದೇವರಾಜ್ ನನ್ನ ಶಿಷ್ಯ. ಆ ಪ್ರಶ್ನೆ ಕೇಳುವುದಕ್ಕೆ ಸ್ವಲ್ಪ ಮುಂಚೆ, ನರ್ಸುಗಳೆಲ್ಲರ ಎದುರಿಗೆ ಬಾಗಿ ನನ್ನ ಕಾಲು ಮುಟ್ಟಿ, “ನಂಗೆ ಅಕ್ಷರ ತಿದ್ದಿಸಿದೋರು ಇವರೇ” ಎಂದಿದ್ದ. ನಿನ್ನಮ್ಮ ಮುಂದೆ ನರಳುತ್ತಿದ್ದರೂ ಆ ನಮಸ್ಕಾರವನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಲಗತ್ತುಗಳು:
೧. ಹೊಳೆನರಸೀಪುರದ ಡಾಕ್ಟರು ನನ್ನ ಹೆಸರಿಗೆ ಬರೆದ ಚೀಟಿ.
೨. ಎರಡು ಮಾತ್ರೆ ತೆಗೆದ ಸ್ಟ್ರಿಪ್ಪು, ಹೆಸರು ಕಾಣುವಂತೆ.
೩. ನೋಟ್‌ಬುಕ್ಕಿನ ಮೊದಲ ಪುಟ, ಡಾಕ್ಟರು ಹೇಳಿದ್ದ ಎಚ್ಚರಿಕೆಗಳು.
೪. ಅದೇ ನೋಟ್‌ಬುಕ್ಕಿನ ಶನಿವಾರದ ಪುಟ: “ಕೆಂಚಮ್ಮ, ೧೧.೧೦ ಮತ್ತು ೧೨.೦೦, ಎದುರಿಗೇ ನುಂಗಿಸಲಾಯಿತು.” ಆಸ್ಪತ್ರೆಯಿಂದ ಬಂದವಳೇ ನಾನು ಹರಿದು ಹಾಕಿದ್ದು, ಅಂಟಿಸಿದ್ದೇನೆ.